ಮುಚ್ಚಿದ ನೆಲದ ಹುಲ್ಲು

ಹುಲ್ಲಿಗೆ ಕಡ್ಡಿ ಗೀರುವುದಕ್ಕೂ ಹೊತ್ತುಗೊತ್ತು ಇದೆ ಎಂದು ನಮ್ಮ ಕಲ್ಲುಸೀಮೆಯಲ್ಲಿ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಂದೆಗೆದು, ಕೊನೆಯ ಬಿರುಗಾಳಿ ಆಳೆತ್ತರದ ಈಟಿಹುಲ್ಲನ್ನು ನೆಲಕ್ಕೆ ಮಲಗಿಸಿ, ಬೆಳಗಿನ ಇಬ್ಬನಿಗೆ ಮೊಣಕಾಲವರೆಗೆ ಒದ್ದೆಯಾಗುವ ದಿನಗಳಲ್ಲಿ ಹಚ್ಚಿದರೆ ಬೆಂಕಿ ಸಾಕಿದ ನಾಯಿಯ ಹಾಗೆ ಇರುತ್ತದೆ. ಕಳಿಸಿದಲ್ಲಿಗೆ ಹೋಗಿ, ಸಂಜೆಯ ತಂಪಿಗೆ ತಾನೇ ಮಲಗಿಬಿಡುತ್ತದೆ. ಅದೇ ಹುಲ್ಲನ್ನು ಒಣಗಲು ಬಿಟ್ಟು, ಗಾಳಿ ಬಿಸಿಯಾದ ಮೇಲೆ ಹಚ್ಚಿದರೆ ಅದು ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ರೊಸೀನಾ ಇದನ್ನು ಹಾಲು ಕುಡಿಯುವ ವಯಸ್ಸಿನಿಂದ ನೋಡಿ ಕಲಿತವಳು. ಕಲಿತವಳ ಕೈಯಲ್ಲೇ ಹಾಗಾಯಿತಲ್ಲ, ಅದೇ ನನ್ನ ಹೊಟ್ಟೆಯುರಿ.

ಅವಳ ಸೋದರಮಾವ ದೂರದ ಡಾರ್ವಿನ್ ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ತೊಳೆಯುವ ಯಂತ್ರಕ್ಕೆ ಕಟ್ಟುಬಿದ್ದು ಎರಡು ವರ್ಷವಾಗಿತ್ತು. ಅವನ ಹೆಸರು ನಾನು ಹೇಳುವುದಿಲ್ಲ. ತೀರಿಕೊಂಡವರ ಹೆಸರನ್ನು ನಮ್ಮಲ್ಲಿ ಬಾಯಿಗೆ ತರುವುದಿಲ್ಲ. ಕರೆದರೆ ಹೊರಟವರು ತಿರುಗಿ ನೋಡುತ್ತಾರೆ. ಅದೇ ಹೆಸರಿದ್ದ ಅಂಗಡಿಯ ಲಾರಿ ಡ್ರೈವರನ್ನು ಆ ವರ್ಷವೆಲ್ಲ ಊರವರು ‘ಹೆಸರಿಲ್ಲದವನೇ’ ಎಂದು ಕೂಗಿದರು, ಪಾಪ, ಅವನೂ ಓಗೊಟ್ಟ. ನಮ್ಮ ಕಥೆಗೆ ಮಾವ ಎಂದರೆ ಸಾಕು.

ಊರಿನಿಂದ ಗಾಡಿಯಲ್ಲಿ ಮೂರು ತಾಸಿನ ದಾರಿಯ ಕುಡ್ಜಿರ್ರಿ ಮಾವನ ನೆಲ. ಅವನ ಅಪ್ಪನದು, ಅವನ ತಾತನದು, ಮುಂದೆ ಮಗ ಡೆಸ್ಮಂಡನದು. ಆದರೆ ನಮ್ಮ ಕಟ್ಟಳೆಯಲ್ಲಿ ನೆಲದ ಒಡೆಯ ತನ್ನ ನೆಲಕ್ಕೆ ತಾನೇ ಬೆಂಕಿ ಇಡುವಂತಿಲ್ಲ. ಆ ಮನೆತನದ ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಹುಟ್ಟಿದವರಿರುತ್ತಾರಲ್ಲ, ಅವರನ್ನು ಕೇಳಬೇಕು. ಅವರಿಗೆ ಜುಂಗ್‌ಕಾಯ್ ಎನ್ನುತ್ತಾರೆ. ನೆಲ ಗಂಡುಸಂತಾನದ್ದು, ಅದರ ಬೀಗದಕೈ ಹೆಣ್ಣುಸಂತಾನದ್ದು. ಕುಡ್ಜಿರ್ರಿಯ ಬೀಗದಕೈ ಮಾವನ ಅಕ್ಕನ ಮಗಳಾದ ರೊಸೀನಾಳ ಸೊಂಟದಲ್ಲಿತ್ತು. ಅವಳು ಹಚ್ಚು ಎಂದರೆ ಬೆಂಕಿ, ಬೇಡ ಎಂದರೆ ಇಲ್ಲ.

ಕುಡ್ಜಿರ್ರಿಯ ನಡುಮಧ್ಯೆ, ಬಂಡೆಗಳ ಮಡಿಲಲ್ಲಿ, ಅನ್ಬಿನಿಕ್ ಮರಗಳ ತೋಪೊಂದಿತ್ತು. ಸುತ್ತ ಎತ್ತ ನೋಡಿದರೂ ಈಟಿಹುಲ್ಲು, ಬೆಳ್ಳಗಿನ ಕಾಂಡದ ನೀಲಗಿರಿ ಜಾತಿಯ ಮರಗಳು, ಬಿಸಿಲು. ತೋಪಿನೊಳಗೆ ಕಾಲಿಟ್ಟರೆ ಮಾತ್ರ ನಡುಹಗಲಲ್ಲೂ ಮಣ್ಣು ತಣ್ಣಗೆ. ಆ ನೆರಳಿನ ದಟ್ಟಕ್ಕೆ ಕೆಳಗೆ ಒಂದು ಎಸಳು ಹುಲ್ಲೂ ಹುಟ್ಟುತ್ತಿರಲಿಲ್ಲ. ನೀಲಗಿರಿ ಸುಟ್ಟರೂ ಚಿಗುರುತ್ತದೆ, ಅದಕ್ಕೆ ನಾಚಿಕೆಯಿಲ್ಲ. ಅನ್ಬಿನಿಕ್ ಹಾಗಲ್ಲ, ಒಂದು ಸಲ ಚೆನ್ನಾಗಿ ಬೆಂದರೆ ಮುಗಿಯಿತು. ಅದಕ್ಕೇ ತೋಪಿನ ಸುತ್ತಲಿನ ಹುಲ್ಲನ್ನು ಪ್ರತಿವರ್ಷ ಎಲ್ಲಕ್ಕಿಂತ ಮೊದಲು, ಇಬ್ಬನಿ ಇರುವಾಗಲೇ ಸುಟ್ಟು ಬಿಡುವುದು ಮಾವನ ಹಿರೀಕರಿಂದ ಬಂದ ಕೆಲಸ. ಆ ನೆರಳಲ್ಲೇ ಅವನ ಅಪ್ಪನ ಎಲುಬುಗಳೂ ಬಂಡೆಯ ಸೀಳಿನೊಳಗೆ ಮಲಗಿದ್ದವು.

ಈಗೀಗ ಈ ಕೆಲಸಕ್ಕೆ ಸಮವಸ್ತ್ರ ಬಂದಿದೆ. ರೊಸೀನಾ ನಮ್ಮ ಸೀಮೆಯ ರೇಂಜರುಗಳಲ್ಲಿ ಹೆಂಗಸರ ತಂಡಕ್ಕೆ ಮುಖ್ಯಸ್ಥೆ. ಮೊದಲೇ ಸಣ್ಣಸಣ್ಣದಾಗಿ ಸುಟ್ಟರೆ ಕೊನೆಯಲ್ಲಿ ಕಾಡ್ಗಿಚ್ಚು ಏಳುವುದಿಲ್ಲ, ಆಕಾಶಕ್ಕೆ ಹೋಗುವ ಕೆಟ್ಟ ಹೊಗೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಹಾಗೆ ಏಳದೆ ಉಳಿದ ಹೊಗೆಗೆ ದೂರದ ಕಂಪನಿಗಳು ದುಡ್ಡು ಕೊಡುತ್ತವೆ. ಆ ದುಡ್ಡಿನಲ್ಲೇ ರೇಂಜರುಗಳ ಸಂಬಳ, ಹಾಡಿಯ ಶಾಲೆಗೆ ಮೇಷ್ಟರು. ಮಾವನಿಗೆ ಇದು ಸಾಯುವವರೆಗೂ ನಗೆಯ ವಿಷಯವಾಗಿತ್ತು. ನಮ್ಮಜ್ಜಂದಿರು ಹುಲ್ಲು ಸುಟ್ಟರೆ ಈ ಬಿಳಿ ಬಲಂಡಾಗಳು ಕೋಳ ಹಾಕುತ್ತಿದ್ದರು, ಈಗ ಏಳದ ಹೊಗೆಗೆ ಸಂಬಳ ಕೊಡುತ್ತಾರೆ, ಇನ್ನೊಂದಿಷ್ಟು ದಿನ ಬದುಕಿದ್ದರೆ ನಾನು ಕೆಮ್ಮದ ಕೆಮ್ಮಿಗೂ ಕೊಡುತ್ತಾರೇನೋ ಎನ್ನುತ್ತಿದ್ದ.

ಮೇ ತಿಂಗಳಲ್ಲಿ ರೊಸೀನಾ ಅವನನ್ನು ಮತ್ತೆ ನೋಡಲು ಡಾರ್ವಿನ್‌ಗೆ ಹೋದಳು. ಹಿಂದಿನ ವರ್ಷ ಕುಡ್ಜಿರ್ರಿಯನ್ನು ಸುಟ್ಟಿರಲಿಲ್ಲ. ನಾನು ಬರುತ್ತೇನೆ, ಕಾಯಿರಿ ಎಂದಿದ್ದ ಮಾವ, ಕಾದರು, ಯಂತ್ರ ಬಿಡಲಿಲ್ಲ. ಈಗ ಅವನು ಹಾಸಿಗೆಯ ಮೇಲೆ ಒಣಗಿದ ತೊಗಟೆಯ ಹಾಗೆ ಸುರುಟಿಕೊಂಡಿದ್ದ. ಕಣ್ಣು ಮಾತ್ರ ಅವೇ. ಅವಳ ಮಣಿಕಟ್ಟು ಹಿಡಿದುಕೊಂಡು ಎರಡು ಮಾತು ಹೇಳಿದ.

“ಹುಲ್ಲು ಈ ಸಲ ಎರಡು ವರ್ಷದ್ದು ಕಣವ್ವ. ಬೇಗ ಸುಡು. ಮರಕ್ಕೆ ಬಿಸಿ ತಾಕಬಾರ್ದು.”

ಮುಂದಿನ ವಾರವೇ ಸುಡುತ್ತೇವೆ, ಎಲ್ಲ ತಯಾರಾಗಿದೆ ಎಂದಳು ಅವಳು. ಅದು ನಿಜವೇ ಆಗಿತ್ತು.

“ನನ್ನನ್ನ ಆ ನೆರಳಲ್ಲೇ ಮಲಗಿಸು. ಇಲ್ಲಿ ಲೈಟು ಆರಿಸೋದೇ ಇಲ್ಲ.”

ಆಗಲಿ ಎಂದಳು. ಮಾವ ಆ ವಾರ ದಾಟಲಿಲ್ಲ. ಅವನ ಸುದ್ದಿ ಬಂದಾಗ ರೇಂಜರುಗಳು ಕುಡ್ಜಿರ್ರಿಗೆ ಹೊರಡಲು ಗಾಡಿಗೆ ಡೀಸೆಲ್ ತುಂಬುತ್ತಿದ್ದರು. ತುಂಬಿದ್ದನ್ನು ಹಾಗೇ ಬಿಟ್ಟು ಕೆಳಗೆ ಕೂತರು. ಏಕೆಂದರೆ ಒಡೆಯ ಸತ್ತ ಕ್ಷಣದಿಂದ ಅವನ ನೆಲ ಮುಚ್ಚಿತು. ಯಾರೂ ಅಲ್ಲಿ ಕಾಲಿಡಬಾರದು, ಬೇಟೆ ಕೂಡದು, ಒಂದು ಕಡ್ಡಿ ಗೀರಬಾರದು. ಹೆಣ ಮಣ್ಣು ಸೇರುವ ದಿನವೋ ಮರುದಿನವೋ ಜುಂಗ್‌ಕಾಯ್ ಬಂದು, ಹಿರೀಕರನ್ನು ಕೂಗಿ ಕರೆದು, ತನ್ನ ಕೈಯಾರೆ ಹುಲ್ಲಿಗೆ ಬೆಂಕಿ ಹಚ್ಚಿ ಹೊಗೆ ಹಾಯಿಸಿದ ಮೇಲೆಯೇ ನೆಲ ತೆರೆಯುವುದು. ತೆರೆಯುವ ಬೆಂಕಿಯೂ ಅವಳದೇ, ಮುಚ್ಚಿಡುವ ಬೀಗವೂ ಅವಳದೇ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗೆ.

ಮಣ್ಣು ಎಲ್ಲಿ ಮಾಡುವುದು ಎಂಬ ಮಾತು ಊರಲ್ಲಿ ಚಿಕ್ಕಮ್ಮ ಎನಿಡ್‌ಳ ಮನೆಯ ಮುಂದಿನ ಮಾವಿನಮರದ ಕೆಳಗೆ ನಡೆಯಿತು. ಎನಿಡ್ ಮಾವನ ತಂಗಿ, ರೊಸೀನಾಳ ತಾಯಿಗೂ ತಂಗಿ, ಆ ಮನೆತನದಲ್ಲಿ ಉಳಿದಿದ್ದ ಒಬ್ಬಳೇ ಹಿರಿಯಳು. ದುಃಖಕ್ಕೆ ತಲೆಗೂದಲು ಕತ್ತರಿಸಿಕೊಂಡು, ಮೈಗೆ ಬಿಳಿಮಣ್ಣು ಬಳಿದುಕೊಂಡು ಚಾಪೆಯ ಮೇಲೆ ಕೂತಿದ್ದಳು. ಡಬ್ಬದ ಚಹಾ ಎಲ್ಲರ ಕೈಗೂ ಬಂತು. ಡೆಸ್ಮಂಡ್ ಎಲ್ಲರಿಗಿಂತ ಕೊನೆಗೆ ಬಂದ. ನಲವತ್ತು ದಾಟಿದ ಆಸಾಮಿ, ಊರಿನ ಪಂಚಾಯಿತಿಯಲ್ಲಿ ರಸ್ತೆ ಸಮ ಮಾಡುವ ಯಂತ್ರ ಓಡಿಸುವವನು. ಅಪ್ಪನ ನೆಲಕ್ಕೆ ಹೋಗಿ ಅವನು ಮಲಗಿ ವರ್ಷಗಳೇ ಆಗಿದ್ದವು. ಅಪ್ಪ ಮಗನಿಗೆ ಏನೋ ಮಾತಾಗಿತ್ತು, ಯಾವ ಮಾತೆಂದು ಇಬ್ಬರೂ ಮರೆತಿದ್ದರು, ಮುನಿಸು ಮಾತ್ರ ಉಳಿದಿತ್ತು. ಆಸ್ಪತ್ರೆಗೂ ಒಂದೇ ಸಲ ಹೋಗಿ ಬಂದಿದ್ದ.

ಅವನು ಹೇಳಿದ್ದು ನೇರ ಮಾತು. “ಇಲ್ಲಿ ಅಮ್ಮನ ಗೋರಿ ಪಕ್ಕ ಜಾಗ ಇದೆ. ಮುಂದಿನ ವಾರ ಇಲ್ಲೇ ಮಣ್ಣು ಮಾಡೋಣ ಅತ್ತೆ ಮಗಳೇ. ಮಾರನೇ ದಿನ ನೀನು ಹೋಗಿ ನೆಲ ತೆರಿ. ಹುಲ್ಲು ಹಸಿ ಇದ್ದಾಗಲೇ ಎಲ್ಲಾ ಮುಗಿಯುತ್ತೆ.”

ಈಗ ಕೂತು ಯೋಚಿಸಿದರೆ ಅದಕ್ಕಿಂತ ಬುದ್ಧಿಯ ಮಾತು ಆ ಮರದ ಕೆಳಗೆ ಬೇರೆ ಯಾವುದೂ ಬರಲಿಲ್ಲ. ಆದರೆ ಹೇಳಿದವನು ಡೆಸ್ಮಂಡ್. ರೊಸೀನಾಳ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ಆಸ್ಪತ್ರೆಗೆ ಹೋಗಿಬಂದು ಆ ಮುದುಕನ ಕಾಲೊತ್ತಿದವಳು ತಾನು, ಕೊನೆಯ ಮಾತು ಕೇಳಿದವಳು ತಾನು, ಈಗ ಬಂದು ಜಾಗ ತೋರಿಸುವವನು ಇವನು.

“ಅಪ್ಪನ್ನ ಹೂಳೋಕೂ ನಿನಗೆ ಡಾಂಬರು ರಸ್ತೆ ಬೇಕೇನೋ?” ಎಂದಳು.

ಸುತ್ತ ಕೂತವರು ಚಹಾದ ಲೋಟ ನೋಡಿದರು. ಡೆಸ್ಮಂಡ್‌ಗೆ ತಾಕಿತು, ಆದರೂ ದನಿ ಏರಿಸಲಿಲ್ಲ. ಕುಡ್ಜಿರ್ರಿಯ ದಾರಿಯನ್ನು ಈ ಸಲದ ನೆರೆ ಎರಡು ಕಡೆ ಕಿತ್ತುಕೊಂಡು ಹೋಗಿದೆ, ರೇಂಜರುಗಳಾದರೆ ಗಾಡಿ ಬಿಟ್ಟು ನಡೆದು ದಾಟಿಯಾರು, ಪೆಟ್ಟಿಗೆಯ ಗಾಡಿ ದಾಟುವುದಿಲ್ಲ, ಹಳ್ಳ ಇಳಿದು ಯಂತ್ರ ಅಲ್ಲಿಗೆ ಹೋಗುವುದೇ ಆಗಸ್ಟ್ ಕಳೆದ ಮೇಲೆ ಎಂದ. ವಿಮಾನದ ಮಾತು ಯಾರೋ ತೆಗೆದರು. ಹೆಲಿಕಾಪ್ಟರಿನಲ್ಲಿ ಪೆಟ್ಟಿಗೆ ಹಿಡಿಯುವುದಿಲ್ಲ, ಅಲ್ಲಿ ಪುಟ್ಟ ವಿಮಾನ ಇಳಿಯುವ ಪಟ್ಟಿಯ ಮೇಲೆ ಎರಡು ವರ್ಷದ ಹುಲ್ಲು ನಿಂತಿದೆ, ನೆಲ ಮುಚ್ಚಿರುವಾಗ ಅದನ್ನು ಕೊಯ್ಯುವವರು ಯಾರು ಎಂದ. ಆಮೇಲೆ ರೊಸೀನಾಳ ಕಡೆ ತಿರುಗಿದ. “ಅಷ್ಟು ಹೊತ್ತಿಗೆ ಹುಲ್ಲು ಮದ್ದಿನಪುಡಿ ಆಗಿರುತ್ತೆ. ಆಗ ನೀನು ಹಚ್ಚೋ ಬೆಂಕಿನ ಹಿಡಿಯೋರು ಯಾರು?”

“ನಾನು. ನಾನು ಹಚ್ಚಿದ ಬೆಂಕಿ ಇವತ್ತಿನವರೆಗೂ ನನ್ನ ಮಾತು ಮೀರಿಲ್ಲ.”

ಅದು ಸುಳ್ಳಲ್ಲ. ನಮ್ಮ ಸೀಮೆಯಲ್ಲಿ ಅವಳಷ್ಟು ಅಚ್ಚುಕಟ್ಟಾಗಿ ಹುಲ್ಲು ಸುಡುವವರು ಇನ್ನೊಬ್ಬರಿರಲಿಲ್ಲ. ಗಾಳಿ ಎತ್ತ ತಿರುಗುತ್ತದೆ ಎಂದು ಮೂಗಿನಲ್ಲೇ ತಿಳಿಯುತ್ತಿದ್ದಳು. ಆ ಹೆಮ್ಮೆಯೇ ಅವಳಿಗೆ ಮುಳುವಾಯಿತು. ಮಾವ ಹೇಳಿದ್ದು ಎರಡು ಮಾತು. ಊರಲ್ಲಿ ಹೂತರೆ ಮರ ಉಳಿಯುತ್ತದೆ, ಮಾವನ ನೆರಳು ಹೋಗುತ್ತದೆ. ಕುಡ್ಜಿರ್ರಿಯಲ್ಲಿ ಹೂಳಬೇಕೆಂದರೆ ಬೇಗ ಸುಡುವ ಮಾತು ಹೋಗುತ್ತದೆ. ಎರಡನ್ನೂ ತಾನೊಬ್ಬಳೇ ನಡೆಸಿಕೊಡುತ್ತೇನೆ ಎಂದು ಅವಳು ನಂಬಿದಳು. ಎನಿಡ್ ಕೊನೆಗೆ, ಜುಂಗ್‌ಕಾಯ್ ಹೇಳಿದ ಮೇಲೆ ಮುಗಿಯಿತು, ಅಣ್ಣ ತನ್ನ ನೆಲಕ್ಕೇ ಹೋಗಲಿ ಎಂದಳು. ಡೆಸ್ಮಂಡ್ ಲೋಟ ಕೆಳಗಿಟ್ಟು ಎದ್ದುಹೋದ.

ಜೂನ್ ಕಳೆಯಿತು. ಅಕ್ಕಪಕ್ಕದ ನೆಲಗಳೆಲ್ಲ ಸುಟ್ಟವು. ರೊಸೀನಾ ತನ್ನ ಹೆಂಗಸರನ್ನು ಕಟ್ಟಿಕೊಂಡು ಹಳ್ಳದ ಗುಂಟ ನಡೆಯುತ್ತ, ಉರಿ ಸುರಿಯುವ ಡಬ್ಬ ಹಿಡಿದು ಕೆಲಸ ಮಾಡಿದಳು. ಹದ್ದುಗಳು ಹೊಗೆಯ ಮೇಲೆ ಸುತ್ತಿದವು, ಕಾಂಗರೂಗಳು ಕರಿಯಾದ ನೆಲಕ್ಕೆ ಹಸಿರು ಮೇಯಲು ಬಂದವು. ಸಂಜೆ ಬೆಂಕಿ ಮಲಗಿದಾಗ ಅವಳ ಕಣ್ಣು ಮಾತ್ರ ದಕ್ಷಿಣದ ದಿಬ್ಬದ ಕಡೆಗೆ ಹೋಗುತ್ತಿತ್ತು. ಅದರಾಚೆ ಕುಡ್ಜಿರ್ರಿ. ಅಲ್ಲಿ ಹುಲ್ಲು ದಿನದಿನಕ್ಕೆ ಬಣ್ಣ ಬದಲಿಸುತ್ತಿತ್ತು, ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ಹುರಿದ ಜೋಳದ ಬಣ್ಣಕ್ಕೆ.

ಜುಲೈನಲ್ಲಿ ಲಾಕ್ಲನ್ ಬಂದ. ನಕಾಶೆ ನೋಡಿಕೊಳ್ಳುವ ಬಲಂಡಾ ಹುಡುಗ, ನಮ್ಮವರು ಅವನನ್ನು ರೊಸೀನಾಗೆ ಮಗನ ವರಸೆಗೆ ಸೇರಿಸಿದ್ದರು. ಒಳ್ಳೆಯವನು. ಆಕಾಶದಿಂದ ತೆಗೆದ ಚಿತ್ರವನ್ನು ಮೇಜಿನ ಮೇಲೆ ಹರಡಿದ. ಸುತ್ತ ಎಲ್ಲ ಸುಟ್ಟ ಗುರುತು, ನಡುವೆ ಕುಡ್ಜಿರ್ರಿ ಒಂದೇ ಹಾಗೇ ಇತ್ತು. ಈ ತಿಂಗಳು ದಾಟಿದರೆ ಲೆಕ್ಕದಲ್ಲಿ ಅದು ತಡವಾದ ಬೆಂಕಿ, ಆ ಒಂದೇ ನೆಲ ಹೊತ್ತಿಕೊಂಡರೆ ವರ್ಷವಿಡೀ ಉಳಿಸಿದ ಹೊಗೆ ಎರಡು ದಿನದಲ್ಲಿ ಹೋಗುತ್ತದೆ ಎಂದ. ಅಷ್ಟು ಹೇಳಿ, ತಲೆ ಕೆರೆದುಕೊಂಡು, ಯಾರೂ ಕಾಲಿಡುವುದು ಬೇಡ, ಹೆಲಿಕಾಪ್ಟರಿನಿಂದ ಬೆಂಕಿಗುಂಡು ಉದುರಿಸಿದರೆ ಆಗುವುದಿಲ್ಲವೇ ಅಮ್ಮ ಎಂದು ಕೇಳಿದ.

ರೊಸೀನಾಗೆ ಆಸೆಯಾಯಿತು. ಸುಳ್ಳೇಕೆ, ಬಹಳ ಆಸೆಯಾಯಿತು. ತೋಪಿನ ಸುತ್ತ ಒಂದು ಸುತ್ತು, ಬೆಳಗಿನ ತಂಪಿನಲ್ಲಿ, ಯಾರ ಹೆಜ್ಜೆಯೂ ಬೀಳದೆ. ಹೂಂ ಎನ್ನಲು ಅವಳಿಗೆ ಒಂದು ಉಸಿರು ಸಾಕಿತ್ತು. ಆದರೆ ಮುಚ್ಚಿದ ನೆಲದ ಮಾತನ್ನು ಒಬ್ಬಳೇ ತೀರ್ಮಾನಿಸಬಾರದೆಂದು ಎನಿಡ್‌ಳನ್ನು ಕೇಳಲು ಹೋದಳು. ಮುದುಕಿ ಚಾಪೆಯ ಮೇಲಿನಿಂದ ತಲೆಯೆತ್ತಿ ನೋಡಿದಳು. ಬಿಳಿಮಣ್ಣು ಕೆನ್ನೆಯ ಮೇಲೆ ಬಿರುಕು ಬಿಟ್ಟಿತ್ತು.

“ಅಣ್ಣ ಇನ್ನೂ ಅಲ್ಲೇ ಓಡಾಡ್ತಿದಾನೆ ಕಣೇ. ಓಡಾಡೋನ ಕಾಲ ಕೆಳಗೆ ಬೆಂಕಿ ಸುರೀತೀಯಾ?”

ದೇಹ ಊರಿನ ಶೈತ್ಯಾಗಾರದಲ್ಲಿ, ಜೀವ ಕುಡ್ಜಿರ್ರಿಯಲ್ಲಿ, ಎರಡೂ ಒಂದಾಗುವವರೆಗೆ ಆ ಮುದುಕ ತನ್ನ ನೆಲದಲ್ಲಿ ಮನೆ ಕಳೆದುಕೊಂಡವನ ಹಾಗೆ ತಿರುಗುತ್ತಿದ್ದ ಎಂದು ರೊಸೀನಾಳೂ ನಂಬಿದವಳೇ. ಬೇಡ ಎಂದು ಲಾಕ್ಲನ್‌ಗೆ ಹೇಳಿದಳು. ಹಾಗಾದರೆ ಡೆಸ್ಮಂಡ್ ಹೇಳಿದಂತೆ ಊರಲ್ಲೇ ಮಣ್ಣು ಮಾಡಿದರೆ, ಎಂದು ಅವನು ಮಾತು ತೆಗೆದ. ಆಗಲೂ ಕಾಲ ಮಿಂಚಿರಲಿಲ್ಲ. ಅವಳು ಚಿತ್ರ ಸುತ್ತಿ ಅವನ ಕೈಗಿಟ್ಟಳು. ಡೆಸ್ಮಂಡ್‌ನ ಮನೆಬಾಗಿಲಿಗೆ ಹೋಗಿ ನೀನು ಹೇಳಿದ್ದೇ ಸರಿ ಎನ್ನುವುದಕ್ಕಿಂತ ಬೆಂಕಿಯ ಮುಂದೆ ನಿಲ್ಲುವುದು ಅವಳಿಗೆ ಸುಲಭವಾಗಿ ಕಂಡಿತು. ಹಟ ಎನ್ನುವುದು ಹೀಗೇ ನೋಡಿ, ಒಳಗೆ ಬರುವಾಗ ನ್ಯಾಯದ ವೇಷ ಹಾಕಿಕೊಂಡು ಬರುತ್ತದೆ.

ಆಗಸ್ಟ್‌ನಲ್ಲಿ ಬೇರೆ ಊರಲ್ಲಿ ಇನ್ನೊಂದು ಸಾವಾಯಿತು, ನೆಂಟರೆಲ್ಲ ಅತ್ತ ಹೋದರು. ಸೆಪ್ಟೆಂಬರ್‌ನಲ್ಲಿ ಡೆಸ್ಮಂಡ್ ಯಂತ್ರ ತೆಗೆದುಕೊಂಡು ಕುಡ್ಜಿರ್ರಿಯ ಗಡಿಯವರೆಗೆ ದಾರಿ ಮಾಡಿದ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ತಿಂಗಳ ಕೊನೆಗೆ ಎಲ್ಲರೂ ಬಂದರು. ಅಷ್ಟು ಹೊತ್ತಿಗೆ ಗಾಳಿಗೆ ಬಾಣಲೆಯ ಕಾವು ಬಂದಿತ್ತು. ಇನ್ನೂ ಮುಂದೂಡಿ ಮೊದಲ ಮಳೆಗೆ ಕಾಯೋಣ ಎಂದರೆ ಮಳೆ ಬಂದ ಕೂಡಲೇ ದಾರಿ ಮುಚ್ಚುತ್ತದೆ. ಇನ್ನು ಹಿಂದೆ ಹೋಗುವ ಜಾಗವಿರಲಿಲ್ಲ.

ಗಡಿಯಲ್ಲಿ ಗಾಡಿಗಳು ನಿಂತವು. ಪೆಟ್ಟಿಗೆಯ ಮೇಲೆ ಮಾವನ ಇಷ್ಟದ ಫುಟ್‌ಬಾಲ್ ತಂಡದ ಅಂಗಿ ಹಾಸಿದ್ದರು. ರೊಸೀನಾ ಒಬ್ಬಳೇ ಮುಂದೆ ಹೋದಳು. ಹುಲ್ಲು ಅವಳ ತಲೆ ಮೀರಿ ನಿಂತಿತ್ತು, ಎರಡು ವರ್ಷದ್ದು ಒಂದರ ಮೇಲೊಂದು ಹೆಣೆದುಕೊಂಡು, ಮುಟ್ಟಿದರೆ ಪಟಪಟ ಮುರಿಯುವಂತೆ. ಅವಳು ದನಿಯೆತ್ತಿ ಹಿರೀಕರನ್ನು ಕೂಗಿದಳು. ನಿಮ್ಮ ಮಗನನ್ನು ಕರೆತಂದಿದ್ದೇನೆ, ದಾರಿ ಬಿಡಿ, ಅವನನ್ನು ಒಳಗೆ ಕರೆದುಕೊಳ್ಳಿ ಎಂದಳು. ಗಾಳಿಯತ್ತ ಮೂಗು ತಿರುಗಿಸಿ ನೋಡಿ ಕಡ್ಡಿ ಗೀರಿದಳು.

ಆದರೂ ಮೊದಲು ಎಲ್ಲ ಅವಳು ಹೇಳಿದ ಹಾಗೇ ನಡೆಯಿತು. ಗಾಳಿಯ ಎದುರಿಗೆ ಸಣ್ಣಗೆ ಹಚ್ಚಿಸಿದಳು. ನೆಲ ತೆರೆದ ಕೂಡಲೇ ರೇಂಜರುಗಳು ಗಾಳಿ ಊದುವ ಯಂತ್ರ ಬೆನ್ನಿಗೆ ಹಾಕಿಕೊಂಡು ಓಡಿ, ತೋಪಿನ ಸುತ್ತ ಎಲೆ ತರಗು ಸರಿಸಿ ಬರಿನೆಲದ ಪಟ್ಟಿ ಮಾಡಿದರು. ಉರಿ ಪಟ್ಟಿಯವರೆಗೆ ಬಂದು ನಿಂತು, ತಗ್ಗಿ, ಹೊಗೆಯಾಯಿತು. ಅದನ್ನು ನೋಡಿ ರೊಸೀನಾಳ ಎದೆ ಹಗುರವಾಯಿತು. ಡೆಸ್ಮಂಡ್ ಕೂಡ ನೋಡಿ ತಲೆಯಾಡಿಸಿದ. ಮಾವನನ್ನು ತಣ್ಣನೆಯ ನೆರಳಿಗೆ ಹೊತ್ತುಕೊಂಡು ಹೋದರು. ಹಾಡು ನಡೆಯಿತು, ಕೋಲು ತಾಳ ಹಾಕಿತು, ಎನಿಡ್ ನೆಲಕ್ಕೆ ಬಿದ್ದು ಹೊರಳಿದಳು. ಮಣ್ಣು ಮುಚ್ಚಿದ ಮೇಲೆ ಮೇಲಿನಿಂದ ಎರಡು ಎಲೆ ಬಿದ್ದವು. ರೊಸೀನಾ ಅಳುತ್ತಲೇ ಒಳಗೊಳಗೆ ಮಾವನಿಗೆ, ನೋಡು, ಎರಡೂ ಮಾತು ಉಳಿಸಿಕೊಂಡೆ ಎಂದಳು.

ಹೊರಡುವ ಹೊತ್ತಿಗೆ ಲಾಕ್ಲನ್ ಅವಳ ಹತ್ತಿರ ಬಂದ. ಬಂಡೆಗಳ ಹಿಂಬದಿಯಲ್ಲಿ ಟೊಳ್ಳು ಮರವೊಂದು ಒಳಗೇ ಉರಿಯುತ್ತಿದೆ, ಇಬ್ಬರು ರೇಂಜರುಗಳು ಇಲ್ಲೇ ಉಳಿದು ಕಾಯಲಿ, ನಾನೂ ಉಳಿಯುತ್ತೇನೆ ಎಂದ. ರೊಸೀನಾ ಆ ಕಡೆ ನೋಡಿದಳು. ಸಣ್ಣ ಹೊಗೆ, ದಾರದೆಳೆಯಷ್ಟು. ಆದರೆ ಮಣ್ಣು ಮಾಡಿದ ದಿನ ಬದುಕಿದ ಯಾರೂ ಅಲ್ಲಿ ಉಳಿಯುವಂತಿಲ್ಲ. ಎಲ್ಲರೂ ಹೊಗೆ ಹಾಯಿಸಿಕೊಂಡು, ಹಿಂತಿರುಗಿ ನೋಡದೆ ಹೊರಡಬೇಕು. ಉಳಿದವರ ಬೆನ್ನು ಹಿಡಿದು ಸತ್ತವನು ಎದ್ದು ಬರುತ್ತಾನೆ, ಅವನಿಗೂ ನೆಮ್ಮದಿಯಿಲ್ಲ, ಇವರಿಗೂ ಇಲ್ಲ.

“ಇವತ್ತು ಇಲ್ಲಿ ಯಾರೂ ಇರೋ ಹಾಗಿಲ್ಲ ಮಗ. ಅವನು ಮಲಗಲಿ. ನಾಳೆ ಹೊತ್ತು ಹುಟ್ಟೋ ಮುಂಚೆ ಬರೋಣ.”

ಜುಂಗ್‌ಕಾಯ್ ಹೇಳಿದ ಮೇಲೆ ಮುಗಿಯಿತು. ಎಲ್ಲರೂ ಹೊರಟರು. ಯಾರೂ ತಿರುಗಿ ನೋಡಲಿಲ್ಲ.

ಗಾಳಿ ಬೆಳಗಿನವರೆಗೆ ಕಾಯಲಿಲ್ಲ. ಅವರು ಊರಿನ ಕಡೆ ಅರ್ಧ ದಾರಿಗೆ ಬರುವ ಮೊದಲೇ ಹಿಂದೆ ದಿಬ್ಬದಾಚೆ ಹೊಗೆ ಕಂಬವಾಗಿ ನಿಂತಿತ್ತು, ಮೇಲೆ ಹೋಗಿ ಮಳೆಮೋಡದ ಹಾಗೆ ಬೆಳ್ಳಗೆ ಅರಳಿತ್ತು. ಲಾಕ್ಲನ್ ಗಾಡಿಯ ರೇಡಿಯೊದಲ್ಲಿ ಹೆಲಿಕಾಪ್ಟರಿಗೆ ಹೇಳಿ ಕಳಿಸಿದ. ಹೆಲಿಕಾಪ್ಟರ್ ಬಂತು, ರೊಸೀನಾ ಹತ್ತಿದಳು. ಮೇಲಿನಿಂದ ಎಲ್ಲ ಕಾಣಿಸಿತು. ಟೊಳ್ಳು ಮರ ಮುರಿದು ಬಂಡೆಗಳ ಹಿಂದೆ ಬಿದ್ದಿತ್ತು. ಅಲ್ಲಿ ಪಟ್ಟಿಗೆ ಸಿಕ್ಕದೆ ಉಳಿದಿದ್ದ ಹುಲ್ಲು ಹೊತ್ತಿ, ಬೆಂಕಿ ಬಂಡೆಯ ಸೀಳಿನಿಂದ ತೋಪಿನ ಬೆನ್ನಿಗೆ ಏರಿತ್ತು. ಮಾವನ ಅಪ್ಪನ ಎಲುಬುಗಳಿದ್ದ ಸೀಳು ಅದು. ಎತ್ತರದ ಅನ್ಬಿನಿಕ್‌ಗಳ ತಲೆಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಇಳಿಸು ಎಂದು ಅವಳು ಕೇಳಿದಳು, ಹೊಗೆಗೆ ಇಳಿಸಲಾಗಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತಾರೆ, ಇಲ್ಲಿ ತೋಡಲು ನೆಲವೂ ಸಿಗಲಿಲ್ಲ.

ಆ ಬೆಂಕಿ ಕುಡ್ಜಿರ್ರಿಯಲ್ಲಿ ನಿಲ್ಲಲಿಲ್ಲ. ಸುಟ್ಟ ನೆಲಗಳ ಸಂದಿಯಲ್ಲಿ ನುಸುಳಿ, ದಿಬ್ಬಗಳ ಮೇಲಿನ ಮುಳ್ಳುಹುಲ್ಲು ಹಿಡಿದು, ಮೊದಲ ಮಳೆ ಬೀಳುವವರೆಗೆ ನಡೆಯಿತು. ರೇಂಜರುಗಳ ಕಣ್ಣುಗಳು ಕೆಂಪಾಗಿ ಊದಿಕೊಂಡವು. ಆ ವರ್ಷ ಉಳಿಸಿದ ಹೊಗೆಯಲ್ಲಿ ಹೆಚ್ಚೇನೂ ಉಳಿಯಲಿಲ್ಲ, ಶಾಲೆಯ ಮೇಷ್ಟರನ್ನು ಅರ್ಧ ವರ್ಷ ಕಳಿಸಿಬಿಟ್ಟರು. ರೊಸೀನಾಳ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಅವಳೂ ನಡೆದುದನ್ನು ಯಾರ ಮೇಲೂ ಹಾಕಲಿಲ್ಲ. ಎನಿಡ್ ಮಾತ್ರ ಒಂದು ದಿನ ಅವಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ಅಣ್ಣನ ಕಾಲ ಕೆಳಗೇ ಸುರಿದೆವಲ್ಲ ಕಣೇ ಎಂದು ಅತ್ತಳು. ಸುರಿದೆವು ಎಂದಳು, ಸುರಿದೆ ಎನ್ನಲಿಲ್ಲ. ಆ ಕರುಣೆಯನ್ನು ತಡೆದುಕೊಳ್ಳುವುದು ರೊಸೀನಾಗೆ ಬೈಗುಳಕ್ಕಿಂತ ಕಷ್ಟವಾಯಿತು.

ಮರುವರ್ಷ ಮಳೆ ಹಿಂದೆಗೆಯಿತು, ಬಿರುಗಾಳಿ ಹುಲ್ಲು ಮಲಗಿಸಿತು. ಏಪ್ರಿಲ್ ಕೊನೆಗೇ ರೊಸೀನಾ ಡಬ್ಬ ಹಿಡಿದುಕೊಂಡು ಮೊದಲು ಕುಡ್ಜಿರ್ರಿಗೆ ಎಂದಳು. ಅಲ್ಲಿ ಕಾಯಬೇಕಾದದ್ದು ಈಗ ಏನಿದೆ ಎಂದು ಯಾರೂ ಕೇಳಲಿಲ್ಲ. ಕೋಳಿ ಕೂಗುವ ಮೊದಲೇ ಗಾಡಿ ಹೊರಡುವಾಗ ಡೆಸ್ಮಂಡ್ ಬಂದು ಹಿಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದ.

ತೋಪು ಇದ್ದಲ್ಲಿ ಕರಿಯ ಬೊಡ್ಡೆಗಳು ನಿಂತಿದ್ದವು. ಎರಡರ ಬುಡದಲ್ಲಿ ನಾಲ್ಕಾರು ಎಲೆ ಚಿಗುರಿ ಬಾಡಿದ್ದವು. ರೊಸೀನಾ ಬೊಡ್ಡೆಗಳನ್ನು ನೋಡಲು ಮನಸ್ಸು ಗಟ್ಟಿಮಾಡಿಕೊಂಡೇ ಬಂದಿದ್ದಳು. ಅವಳು ಎಣಿಸದೆ ಇದ್ದದ್ದು ಬೇರೆ. ನೆರಳು ಹೋದ ನೆಲಕ್ಕೆ ಬಿಸಿಲು ಬಿದ್ದು, ಹುಟ್ಟಿದಾರಭ್ಯ ಒಂದು ಎಸಳೂ ಕಾಣದ ಆ ತಣ್ಣನೆಯ ಮಣ್ಣಿನಲ್ಲಿ ಈಟಿಹುಲ್ಲು ಎದ್ದಿತ್ತು. ಬೊಡ್ಡೆಗಳ ನಡುವೆಲ್ಲ, ಆಳೆತ್ತರ. ಮಾವನ ಗೋರಿ ಎಲ್ಲಿ ಎಂದೇ ಮೊದಲು ತಿಳಿಯಲಿಲ್ಲ. ಡೆಸ್ಮಂಡ್ ಕೈಯಿಂದ ಹುಲ್ಲು ಸರಿಸುತ್ತ ಹೋಗಿ, ಒಂದು ಕಡೆ ನಿಂತ. ಎದೆಯ ಮಟ್ಟದ ಹುಲ್ಲು ಅಪ್ಪನ ಮೈಮೇಲೆಯೇ ಬೆಳೆದಿತ್ತು.

ಅವಳು ಅವನ ಪಕ್ಕಕ್ಕೆ ಹೋಗಿ ನಿಂತಳು. ನಿನ್ನ ಮಾತು ಕೇಳಬೇಕಿತ್ತು ಎಂದು ಹೇಳಲು ಇಡೀ ಮಳೆಗಾಲ ಬಾಯಿ ಕಟ್ಟಿಕೊಂಡು ಕಾದಿದ್ದಳು. ಈಗ ಅದನ್ನು ಬಿಟ್ಟು, ಅವಳೂ ಬಾಗಿ ಗೋರಿಯ ಮೇಲಿನ ಹುಲ್ಲು ಸರಿಸತೊಡಗಿದಳು.

ಡೆಸ್ಮಂಡ್ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಒಡೆಯ ತಾನು. ಆದರೂ ಕಡ್ಡಿ ಗೀರಲಿಲ್ಲ. ನೆಲದ ಮಗ ಕೇಳಬೇಕಾದ ಹಾಗೆ, ತಲೆ ತಗ್ಗಿಸಿ ಕೇಳಿದ.

“ಹಚ್ಚಲಾ ಅತ್ತೆ ಮಗಳೇ?”

ಹೋದ ವರ್ಷ ಮಾವಿನಮರದ ಕೆಳಗೆ ಇವನಿಗೆ ಒಂದು ಹೂಂ ಎಂದಿದ್ದರೆ ಸಾಕಿತ್ತು.

“ಹಚ್ಚು,” ಎಂದಳು.

ಹುಲ್ಲಿನ ಬುಡದಲ್ಲಿ ಇಬ್ಬನಿ ಇನ್ನೂ ಒದ್ದೆಯಾಗಿತ್ತು. ಬೆಂಕಿ ಮೊಣಕಾಲಿಗಿಂತ ಮೇಲೆ ಏಳಲಿಲ್ಲ. ಮಾವನ ಗೋರಿಯ ಮೇಲಿಂದ ಹಾದು, ಸತ್ತ ಮರಗಳ ನಡುವೆ ನಿಧಾನವಾಗಿ ನಡೆದು, ಅವಳು ತೋರಿಸಿದ ಕಡೆಗೇ ಹೋಗಿ ಮಲಗಿತು.